ಮಿಸೌರಿಗೆ ಒಪ್ಪಿಗೆ

ಲ್ಯಾಂಕಾಸ್ಟರ್ ಕೌಂಟಿ, ಪೆನ್ಸಿಲ್ವೇನಿಯಾ
ಮಂಗಳವಾರ, ೧೪ ಅಕ್ಟೋಬರ್ ೧೯೯೭, ಮಧ್ಯಾಹ್ನ

ಪ್ರೀತಿಯ ನೆವಿನ್,

ಹೇಗಿದ್ದೀಯ? ಹಗಲೂ ರಾತ್ರಿ ವ್ಯಾನಿನಲ್ಲಿ ಕಾಲು ಮಡಚಿ ಕೂತು ಹೋದದ್ದಕ್ಕೆ ನಿನ್ನ ಸೊಂಟ ಹಿಡಿದುಕೊಂಡಿರಬೇಕು. ಚೀಲದ ತಳದಲ್ಲಿ ಮುಲಾಮಿನ ಡಬ್ಬಿ ಇಟ್ಟಿದ್ದೇನೆ. ನೀನಾಗಿ ಹುಡುಕುವವನಲ್ಲ, ಅದಕ್ಕೇ ಬರೆಯುತ್ತಿದ್ದೇನೆ, ಉಣ್ಣೆಯ ಕಾಲುಚೀಲದ ಕೆಳಗೆ ನೋಡು. ಅಲ್ಲಿ ಮಿಸೌರಿಯಲ್ಲಿ ಅರ್ಲ್ ಹೂವರ್ ಮನೆಯಲ್ಲಿ ನಿನಗೆ ಮಂಚ ಸಿಕ್ಕಿತೋ ಅಥವಾ ಹುಲ್ಲಿನ ಮೇಲೆ ಮಲಗಿಸಿದರೋ? ಅವರ ಮನೆಗೆ ಇನ್ನೂ ಒಳಗೋಡೆಗಳೇ ಎದ್ದಿಲ್ಲ, ಚಾದರ ಕಟ್ಟಿಕೊಂಡು ಮಲಗುತ್ತೇವೆ ಅಂತ ಅವನ ಹೆಂಡತಿ ಮಾರ್ಥಾ ಬೇಸಿಗೆಯಲ್ಲಿ ಬರೆದಿದ್ದಳು. ಅವಳು ಅದನ್ನು ತಮಾಷೆಯಾಗಿ ಬರೆದಿದ್ದಳು, ನನಗೆ ನಗು ಬರಲಿಲ್ಲ. ಹೊಟ್ಟೆ ತುಂಬ ಊಟ ಮಾಡು. ಹೊಲ ನೋಡಲು ಹೋಗುವಾಗ ಕೋಟು ಹಾಕಿಕೊ. ಅಲ್ಲಿ ಗಾಳಿಗೆ ಅಡ್ಡ ನಿಲ್ಲಲು ಒಂದು ಗುಡ್ಡವೂ ಇಲ್ಲವಂತೆ.

ಈ ಕಾಗದ ಅಂಚೆಗೆ ಹಾಕುತ್ತಿಲ್ಲ. ಡ್ರೈವರ್ ಗಿಲ್ ಇವತ್ತು ಸಂಜೆ ನಮ್ಮವರು ಇನ್ನಿಬ್ಬರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನಿಮ್ಮಲ್ಲಿಗೇ ಹೊರಡುತ್ತಾನೆ, ದಾರಿಯಲ್ಲಿ ನಮ್ಮ ಗೇಟಿನ ಮುಂದೆ ನಿಲ್ಲಿಸಿ ಕಾಗದ ತೆಗೆದುಕೊಳ್ಳುತ್ತೇನೆ ಅಂದಿದ್ದಾನೆ. ಫೋನ್ ಮಾಡೋಣ ಅಂದರೆ ಅಲ್ಲಿ ಫೋನ್ ಇರುವುದು ಮೇವಿನ ಗಿರಣಿಯಲ್ಲಿ ಮಾತ್ರ, ನೀನು ಆ ಕಡೆ ಹೋಗುವುದು ಯಾವಾಗಲೋ. ನೀನು ಶುಕ್ರವಾರ ಆ ಹೊಲದ ಖರೀದಿಗೆ ಸಹಿ ಹಾಕುವ ಮೊದಲು ಇದು ನಿನ್ನ ಕೈ ಸೇರಬೇಕು. ಅಡುಗೆಮನೆಯ ಮೇಜಿನಲ್ಲೇ ಕೂತಿದ್ದೇನೆ. ಪಕ್ಕದ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸೇಬಿನ ಪಾಕ ಕುದಿಯುತ್ತಿದೆ, ಆಗಾಗ ಎದ್ದು ಕೈಯಾಡಿಸಿ ಬರುತ್ತೇನೆ, ಅಲ್ಲಲ್ಲಿ ಮಾತು ತುಂಡಾದರೆ ಅದಕ್ಕೇ ಅಂತ ತಿಳಿ.

ನಾವು ಇಲ್ಲಿ ಕ್ಷೇಮವೆಂದೇ ಹೇಳಬೇಕು. ಹುಡುಗರು ಮೂವರೂ ಸರಿಯಾದ ಹೊತ್ತಿಗೆ ಹಾಲು ಕರೆಯುತ್ತಿದ್ದಾರೆ. ಲಾಮಾರ್ ಮಾತ್ರ ನೀನಿಲ್ಲದ ಮನೆಗೆ ತಾನೇ ಯಜಮಾನ ಎಂಬಂತೆ ತಮ್ಮಂದಿರ ಮೇಲೆ ಹುಕುಂ ಚಲಾಯಿಸುತ್ತಿದ್ದಾನೆ. ಊಟದ ಮೊದಲು ಎಲ್ಲರೂ ತಲೆ ತಗ್ಗಿಸಿ ಕೂತಾಗ, ಪ್ರಾರ್ಥನೆ ಮುಗಿಯಿತು ಅಂತ ತಿಳಿಸಲು ನೀನು ಗಂಟಲು ಸರಿಮಾಡಿಕೊಳ್ಳುತ್ತೀಯಲ್ಲ, ನಿನ್ನೆ ಅವನೂ ಹಾಗೆಯೇ ಮಾಡಿದ. ಮೀಸೆ ಚಿಗುರದ ಹುಡುಗ ಆ ಗಡಸು ದನಿಯಲ್ಲಿ ಕೆಮ್ಮಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನೀನು ಹೊರಡುವಾಗ ನನಗಿದ್ದ ನೆಗಡಿ ಹೆಚ್ಚುಕಡಿಮೆ ಹೋಯಿತು, ಮೂಗು ಸೋರುವುದು ನಿಂತಿದೆ. ಬಾಯಿ ಮಾತ್ರ ಇನ್ನೂ ಕೆಟ್ಟಿದೆ. ಅಂಗಡಿಯವನು ಈ ಸಲ ಕೊಟ್ಟ ಕಾಫಿಪುಡಿಗೂ ಬಿಸಿನೀರಿಗೂ ವ್ಯತ್ಯಾಸವೇ ಇಲ್ಲ, ಡಬ್ಬಿ ವಾಪಸು ಕೊಟ್ಟು ನಾಲ್ಕು ಮಾತು ಆಡಿ ಬರಬೇಕು. ಭಾನುವಾರ ನಿನ್ನ ತಮ್ಮ ಲೀರಾಯ್‌ನ ಹೆಂಡತಿ ಒಣಸೇಬಿನ ಪೈ ಮಾಡಿ ತಂದಿದ್ದಳು, ರಟ್ಟು ಅಗಿದ ಹಾಗಿತ್ತು. ಅವಳ ಮುಂದೆ ಚೆನ್ನಾಗಿದೆ ಅಂದೆ. ಆಮೇಲೆ ಅತ್ತೆಯ ಹತ್ತಿರ ಹೇಳಿದರೆ, ಎರಡು ತುಂಡು ತಿಂದು ಕೂತಿದ್ದ ನಿಮ್ಮಮ್ಮ, "ನಿನ್ ನಾಲಿಗೆಗೆ ಏನ್ ಬಂತೇ ವರ್ನಾ, ಇಷ್ಟ್ ಚೆನ್ನಾಗಿರೋದನ್ನ ಹಿಂಗಂತೀಯ" ಅಂತ ನನಗೇ ಬೈದರು. ಇರಲಿ, ಕಿರಿ ಸೊಸೆ ಮಾಡಿದ್ದೆಲ್ಲ ಅವರಿಗೆ ಅಮೃತ. ಒಂದು ಒಳ್ಳೆಯ ಸುದ್ದಿ ಮರೆತಿದ್ದೆ. ನಮ್ಮ ಪುಟ್ಟಿ ಲೊರೀನಳ ಪುಡಿಹಾಲಿನ ಹೊಸ ಡಬ್ಬಿ ಒಡೆದೆ, ಮೊದಲಿನ ಹಾಗೆ ನಾತ ಹೊಡೆಯುವುದೇ ಇಲ್ಲ. ಕಂಪನಿಯವರು ಕೊನೆಗೂ ಏನೋ ಸುಧಾರಿಸಿದ್ದಾರೆ. ಹುಡುಗರು ಈಗಲೂ ಮೂಗು ಹಿಡಿದುಕೊಂಡು ದೂರ ಸರಿಯುತ್ತಾರೆ, ಅದು ಬರೀ ಅಭ್ಯಾಸ.

ನನ್ನ ನೆಗಡಿ ಲೊರೀನ್‌ಗೂ ಅಂಟಿದೆ. ಹೆದರಬೇಡ. ಮೈ ಬಿಸಿಯಿಲ್ಲ, ಸ್ವಲ್ಪ ಮೂಗು ಸೋರುತ್ತದೆ ಅಷ್ಟೆ. ನಿನ್ನೆಯಿಂದ ಕೊಂಚ ಮಂಕಾಗಿದ್ದಾಳೆ, ತೂಗಿ ಕೊಟ್ಟ ಆಲೂಗೆಡ್ಡೆಯಲ್ಲಿ ಅರ್ಧ ತಟ್ಟೆಯಲ್ಲೇ ಬಿಟ್ಟಳು. ಆದರೆ ವಾಸನೆ ಇಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ, ಒಲೆ ಹಚ್ಚುವುದಕ್ಕೂ ಮೊದಲು, ಅವಳ ಕಿವಿಯ ಹಿಂದೆ ಮೂಗಿಟ್ಟು ನೋಡುತ್ತೇನೆ. ಅವಳಿಗೆ ಕಚಗುಳಿಯಾಗಿ "ಅಮ್ಮ ಬೆಕ್ಕಿನ್ ಥರ ಮೂಸ್ತಾಳೆ" ಅಂತ ಕಿಲಕಿಲ ನಗುತ್ತಾಳೆ. ಇವತ್ತು ನಗಲಿಲ್ಲ, ನಿದ್ದೆಗಣ್ಣಿನಲ್ಲಿದ್ದಳು. ಎಳ್ಳಷ್ಟೂ ವಾಸನೆಯಿಲ್ಲ ನೆವಿನ್, ದೇವರು ದೊಡ್ಡವನು. ಉಚ್ಚೆಗೆ ಹನಿ ಹಾಕಿ ನೋಡುವ ಬಾಟಲಿ ಕಳೆದ ವಾರವೇ ಮುಗಿಯಿತು, ಗುರುವಾರ ಹೇಗೂ ಕ್ಲಿನಿಕ್‌ಗೆ ಹೋಗಬೇಕಲ್ಲ, ಆಗ ತರುತ್ತೇನೆ. ಮೂಗಿದ್ದಾಗ ಬಾಟಲಿ ಯಾಕೆ. ಈಗ ಒಲೆಯ ಹತ್ತಿರದ ಬೆಂಚಿನ ಮೇಲೆ ನಿನ್ನ ಹಳೇ ಕೋಟು ಹೊದ್ದು ಮಲಗಿದ್ದಾಳೆ.

ಇನ್ನು ವಿಷಯಕ್ಕೆ ಬರುತ್ತೇನೆ. ನೀನು ಹೊರಡುವ ಮುಂಚಿನ ದಿನ ಇದೇ ಮೇಜಿನ ಆ ಕಡೆ ಕೂತು ಕೇಳಿದೆ, ಮಿಸೌರಿಗೆ ಹೋಗುವುದು ನಿನಗೆ ಹೇಗನಿಸುತ್ತದೆ ವರ್ನಾ ಅಂತ. ನಾನು "ಒಪ್ಪಿಗೆಯಲ್ಲಿದ್ದೇನೆ" ಅಂದೆ. ನೀನು ತಲೆಯಾಡಿಸಿ ಎದ್ದು ದನಗಳ ಕಡೆ ಹೋದೆ. ಎಷ್ಟು ಸುಲಭವಾಗಿ ಮುಗಿಯಿತು ನೋಡು. ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭು ಭೋಜನಕ್ಕೆ ಮೊದಲು ಸಭೆಯಲ್ಲಿ ಹಿರಿಯರು ಬೆಂಚಿನಿಂದ ಬೆಂಚಿಗೆ ಬಂದು ಒಬ್ಬೊಬ್ಬರ ಹತ್ತಿರವೂ ಬಗ್ಗಿ ಮೆಲ್ಲಗೆ ಕೇಳುತ್ತಾರಲ್ಲ, ಸಭೆಯ ನಿಯಮಗಳೆಲ್ಲದಕ್ಕೂ ಒಪ್ಪಿಗೆಯೇ ಅಂತ, ನಾವೂ ಅದೇ ಮಾತು ಹೇಳುತ್ತೇವಲ್ಲ, ಹಾಗೆಯೇ ಬಾಯಿಂದ ಬಂತು. ಹದಿನಾರರಲ್ಲಿ ದೀಕ್ಷಾಸ್ನಾನವಾದಾಗಿನಿಂದ ವರ್ಷಕ್ಕೆರಡು ಸಲ ಆ ಮಾತು ಹೇಳಿದ್ದೇನೆ, ಬೇರೆ ಯಾವ ಮಾತೂ ಆ ಪ್ರಶ್ನೆಗೆ ನನ್ನ ಬಾಯಲ್ಲಿ ಹುಟ್ಟುವುದೇ ಇಲ್ಲ. ನಮ್ಮಮ್ಮನ ಬಾಯಲ್ಲೂ ಹುಟ್ಟಿರಲಿಲ್ಲ. ಒಪ್ಪಿಗೆಯಿಲ್ಲ ಅಂದವರನ್ನು ನಾನು ಕಣ್ಣಾರೆ ಕಂಡದ್ದಿಲ್ಲ. ಅಂಥವರೊಬ್ಬರಿದ್ದರಂತೆ, ಅವರ ಹೆಸರನ್ನು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ನೀನೂ ಇನ್ನೊಂದು ಸಲ ಕೇಳಲಿಲ್ಲ. ಒತ್ತಾಯ ಮಾಡಬಾರದು ಅಂತ ನೀನು ಸುಮ್ಮನಾದೆ, ಎದುರಾಡಬಾರದು ಅಂತ ನಾನು ಸುಮ್ಮನಾದೆ. ಇಬ್ಬರೂ ಒಳ್ಳೆಯವರಾಗಲು ಹೋಗಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮನೆ ಕಿತ್ತುಕೊಂಡು ಹೊರಟಿದ್ದೇವೆ. ವ್ಯಾನು ತಿರುವಿನಲ್ಲಿ ಮರೆಯಾದ ಕೂಡಲೇ ಗೇಟಿನವರೆಗೂ ಓಡಿದೆ, ಕೂಗಲು ತಡವಾಗಿತ್ತು. ಅದಕ್ಕೇ ಈಗ ಬಾಯಲ್ಲಿ ಬಾರದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ನನಗೆ ಭಯವಾಗುತ್ತಿದೆ ನೆವಿನ್, ಸುಮ್ಮನೆ ಸಣ್ಣಪುಟ್ಟ ಭಯವಲ್ಲ.

ಯಾವುದಕ್ಕೆ ಅಂತ ಕೇಳುತ್ತೀಯ. ಎಲ್ಲದಕ್ಕೂ. ಅಲ್ಲಿಯ ಸುಂಟರಗಾಳಿಗೆ ಭಯ. ಮಾರ್ಥಾಳ ಕಾಗದದಲ್ಲಿ ಪ್ರತಿ ಸಲವೂ ಒಂದು ಕೊಟ್ಟಿಗೆ ಹಾರಿಹೋಗುತ್ತದೆ, ಅದನ್ನು ಅವಳು ಕೋಳಿ ಮೊಟ್ಟೆಯಿಟ್ಟ ಸುದ್ದಿಯ ಪಕ್ಕದಲ್ಲೇ ಬರೆಯುತ್ತಾಳೆ. ಹಾಲಿನ ಲಾರಿಗೆ ಭಯ. ಇನ್ನಷ್ಟು ಮನೆಗಳಾಗುವವರೆಗೆ ಆ ಕಡೆ ಲಾರಿ ಬರುವುದಿಲ್ಲವಂತೆ, ಅಲ್ಲಿಯವರೆಗೆ ಕರೆದ ಹಾಲನ್ನು ಹಂದಿಗೆ ಸುರಿಯುವುದೋ, ಇಡೀ ಊರಿಗೆ ಆಗುವಷ್ಟು ಚೀಸ್ ಮಾಡಿ ಯಾರಿಗೆ ಮಾರುವುದೋ? ಇಲ್ಲಿಯ ದನ ಅಲ್ಲಿಯ ಹುಲ್ಲಿಗೆ ಒಗ್ಗುತ್ತವೆಯೋ ಇಲ್ಲವೋ, ಸಾಗಿಸುವ ಖರ್ಚಿಗೆ ಅಲ್ಲಿಯೇ ಹೊಸ ದನ ಬರುತ್ತವೆ ಅಂತ ಲೀರಾಯ್ ಹೇಳುತ್ತಾನೆ. ಹಾಗಾದರೆ ಇವನ್ನು ಮಾರಬೇಕು. ನಿನ್ನ ಕಂದು ಕುದುರೆಯನ್ನೂ ಮಾರಬೇಕು. ಅದು ಸಭೆಯ ಹೊರಗಿನವರ ಕೈಗೆ ಸಿಕ್ಕಿ ಪ್ರವಾಸಿಗಳನ್ನು ಎಳೆದುಕೊಂಡು ತಿರುಗುವುದನ್ನು ನೀನು ನೋಡಲಾರೆ, ನೋಡಿಯೂ ಏನೂ ಹೇಳುವುದಿಲ್ಲ, ಮೂರು ದಿನ ಮಾತಾಡದೆ ಇರುತ್ತೀಯ, ಅದನ್ನು ನಾನು ನೋಡಬೇಕು. ಶಾಲೆಯೂ ಇಲ್ಲ ಅಲ್ಲಿ. ಮಾರ್ಥಾಳ ಹಿರಿ ಮಗಳೇ ಮಕ್ಕಳಿಗೆ ಪಾಠ ಹೇಳುತ್ತಾಳಂತೆ, ಆ ಹುಡುಗಿ ಇಲ್ಲಿದ್ದಾಗ ಗುಣಾಕಾರಕ್ಕೆ ಅಳುತ್ತಿದ್ದದ್ದು ನನಗೆ ನೆನಪಿದೆ.

ಇನ್ನು ಚೀಟಿಯ ಭಯ. ಇದನ್ನು ನೀನೂ ಯೋಚಿಸಿದ್ದೀಯ, ಹೇಳಿಲ್ಲ ಅಷ್ಟೆ. ಅಲ್ಲಿ ಇನ್ನೂ ಬೋಧಕರಿಲ್ಲ. ವಸಂತದಲ್ಲಿ ಬಿಷಪ್ ಇಲ್ಲಿಂದ ಹೋಗಿ ಬೋಧಕನನ್ನು ಆರಿಸಲು ಚೀಟಿ ಹಾಕಿಸುತ್ತಾರಂತೆ. ಇಲ್ಲಾದರೆ ಸಭೆಯಲ್ಲಿ ಇಷ್ಟೊಂದು ಗಂಡಸರು, ಚೀಟಿಯಿಟ್ಟ ಸ್ತೋತ್ರಪುಸ್ತಕ ಯಾರ ಕೈಗೆ ಬರುತ್ತದೋ, ನಮಗೇ ಬರುತ್ತದೆ ಅಂತ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿಯ ಗಂಡಸರೆಲ್ಲ ಒಟ್ಟು ಸೇರಿದರೂ ಒಂದು ಬೆಂಚು ತುಂಬುವುದಿಲ್ಲ. ಚೀಟಿ ಬಂದವನು ಸಾಯುವವರೆಗೂ ಬೋಧಕ, ಬೇಡ ಎನ್ನುವ ಹಾಗಿಲ್ಲ, ಸಂಬಳವೂ ಇಲ್ಲ, ಹೊಲಕ್ಕೆ ಹೊತ್ತೂ ಇಲ್ಲ. ನಮ್ಮ ದೊಡ್ಡಪ್ಪನಿಗೆ ಬಂದ ದಿನ ದೊಡ್ಡಮ್ಮ ಅತ್ತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಜನ ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದು ಹೋದರು, ಸಾವಿನ ಮನೆಗೆ ಬಂದವರ ಹಾಗೆ. ಅವನಿಗೆ ಮಾತಾದರೂ ಬರುತ್ತಿತ್ತು. ನಿನಗೆ ಒದೆಯುವ ಹಸುವಿಗೆ ಬೈಯಲೂ ಮಾತು ಹೊರಡುವುದಿಲ್ಲ. ನೀನು ಎಲ್ಲರ ಮುಂದೆ ನಿಂತು, ಕಾಗದ ನೋಡದೆ, ಒಂದು ಗಂಟೆ ಬೋಧಿಸುವುದನ್ನು ನೆನೆದರೆ ನನಗೆ ಅಳು ಬರುತ್ತದೆ, ಆಮೇಲೆ ನಗು ಬರುತ್ತದೆ, ಆಮೇಲೆ ಮತ್ತೆ ಅಳು. ತಡಿ, ಪಾಕಕ್ಕೆ ಕೈಯಾಡಿಸಿ ಬರುತ್ತೇನೆ.

ಬಂದೆ. ಚಕ್ಕೆಪುಡಿ ಎಷ್ಟು ಹಾಕಿದರೂ ಸಾಲುತ್ತಿಲ್ಲ, ಇದೂ ಆ ಅಂಗಡಿಯವನದ್ದೇ ಸರಕು. ಎಲ್ಲಿದ್ದೆ? ಭಯದಲ್ಲಿದ್ದೆ. ಮೇಲೆ ಬರೆದದ್ದೆಲ್ಲ ಸಹಿಸಬಹುದಾದ ಭಯ, ಗಾಳಿಗೆ ನೆಲಮಾಳಿಗೆಯಿದೆ, ಚೀಟಿಗೆ ದೇವರಿದ್ದಾನೆ. ಲೊರೀನಳ ವಿಷಯ ಹಾಗಲ್ಲ. ಅವಳು ಹುಟ್ಟಿದ ವಾರ ಡಾಕ್ಟರು ನಮ್ಮಿಬ್ಬರನ್ನೂ ನಿಮ್ಮಮ್ಮನನ್ನೂ ಕೂರಿಸಿಕೊಂಡು ಹೇಳಿದ್ದು ನೆನಪಿದೆಯಲ್ಲ. ಹಾಲು, ಮಾಂಸ, ಮೊಟ್ಟೆಯಲ್ಲಿರುವುದನ್ನು ಇವಳ ಮೈ ಅರಗಿಸುವುದಿಲ್ಲ, ತೂಗಿ ಕೊಡಿ, ಆ ಪುಡಿಹಾಲು ಕುಡಿಸಿ, ಎಲ್ಲರ ಹಾಗೆ ಬೆಳೆಯುತ್ತಾಳೆ. ಆದರೆ ಜ್ವರ ಬಂದರೆ, ಬರೀ ನೆಗಡಿಯಾದರೂ, ಮೈಯೊಳಗೆ ವಿಷವೇರುತ್ತದೆ, ಅದು ಮೆದುಳಿಗೆ ಹೋಗುತ್ತದೆ, ಆಗ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಮೊದಲು ಬರುವ ಗುರುತು ಸುಟ್ಟ ಸಕ್ಕರೆಯ ವಾಸನೆ, ಕಿವಿಯಲ್ಲಿ, ಉಚ್ಚೆಯಲ್ಲಿ. ಅದು ಬಂದ ಕೂಡಲೇ ಕರೆತನ್ನಿ. ನಾನು ನಿಮ್ಮಮ್ಮನ ಕಡೆ ನೋಡಿದೆ, ಅವರು ತಲೆಯಾಡಿಸುತ್ತಿದ್ದರು, ಯಾಕೆಂದರೆ ಅವರಿಗೆ ಆ ವಾಸನೆ ಗೊತ್ತಿತ್ತು. ನಿನ್ನ ಇಬ್ಬರು ಅಣ್ಣಂದಿರನ್ನು ತೊಟ್ಟಿಲಿನಲ್ಲೇ ತೆಗೆದುಕೊಂಡು ಹೋದದ್ದು ಅದೇ ವಾಸನೆ, ಆಗ ಅದಕ್ಕೆ ಹೆಸರೂ ಇರಲಿಲ್ಲ, ಕ್ಲಿನಿಕ್ಕೂ ಇರಲಿಲ್ಲ.

ಈಗ ಆ ಕ್ಲಿನಿಕ್ ಇಲ್ಲಿದೆ, ಕುದುರೆಗಾಡಿಯಲ್ಲಿ ಹೋದರೆ ಒಂದು ಹೊತ್ತಿನ ದಾರಿ, ಕಾರಿನಲ್ಲಿ ಅರ್ಧ ಗಂಟೆ. ಮಿಸೌರಿಯಲ್ಲಿ ದೊಡ್ಡ ಆಸ್ಪತ್ರೆಗೆ ಕಾರಿನಲ್ಲಿ ಅರ್ಧ ದಿನ. ನಮ್ಮ ಸಭೆಯವರು ಕಾರು ಇಟ್ಟುಕೊಳ್ಳುವ ಹಾಗಿಲ್ಲವಲ್ಲ, ಹೊರಗಿನ ಡ್ರೈವರ್ ಮನೆಯಲ್ಲಿದ್ದರೆ ಆ ಮಾತು. ಅಲ್ಲಿಯ ಡಾಕ್ಟರುಗಳು ಒಳ್ಳೆಯವರೇ ಇರಬಹುದು, ಆದರೆ ಇಂಥ ಮಗುವನ್ನು ಅವರು ಕಂಡಿರುವುದಿಲ್ಲ, ನಾನು ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣು ಮುಚ್ಚಿರುತ್ತದೆ. ಇನ್ನೊಂದು ಮಾತು. ಇಲ್ಲಿ ಸಭೆಯ ಹೆಂಗಸರೆಲ್ಲ ಲೊರೀನಳನ್ನು ಎತ್ತಿಕೊಂಡ ಕೂಡಲೇ ಕತ್ತಿನ ಹತ್ತಿರ ಒಮ್ಮೆ ಮೂಸಿಯೇ ಮುತ್ತು ಕೊಡುವುದು, ನೀನು ಗಮನಿಸಿರಲಿಕ್ಕಿಲ್ಲ, ಗಂಡಸರು ಗಮನಿಸುವುದಿಲ್ಲ. ಅವರವರ ಮನೆಯಲ್ಲೂ ಇದೇ ರೋಗಕ್ಕೆ ಒಂದು ತೊಟ್ಟಿಲು ಖಾಲಿಯಾಗಿದೆ. ಅಲ್ಲಿಗೆ ಬರುತ್ತೀರಾ ಅಂತ ಅತ್ತೆಯನ್ನು ಕೇಳಿದೆ. ಲೀರಾಯ್ ಮಕ್ಕಳಿಗೆ ಕಾಲುಚೀಲ ಹೆಣೆಯುತ್ತಾ ತಲೆಯೆತ್ತದೆ ಹೇಳಿದರು, "ನನ್ ಮಕ್ಕಳ ಎರಡು ಗೋರಿಕಲ್ಲು ಇಲ್ಲಿವೆ ಕಣೇ, ಅವನ್ನ ವ್ಯಾನಿಗೆ ಹಾಕ್ಕೊಂಡ್ ಹೋಗ್ತೀಯಾ?" ಲೀರಾಯ್ ಇದ್ದಾನೆ, ಅವನ ಮಕ್ಕಳಿದ್ದಾರೆ, ಅವರಿಗೇನೂ ಕಡಿಮೆಯಿಲ್ಲ. ಕಡಿಮೆಯಾಗುವುದು ನನಗೆ.

ಹಾಗಂತ ಇಲ್ಲಿಯೇ ಇರೋಣ ಅಂತ ಬರೆಯಲು ಹೊರಟರೆ ಅದೂ ಕೈ ಬರುವುದಿಲ್ಲ. ಶನಿವಾರದ ಸುದ್ದಿ ನಿನಗೆ ತಿಳಿಸಬಾರದು ಅಂದುಕೊಂಡಿದ್ದೆ. ಲಾಮಾರ್ ಗಿರಣಿಯಿಂದ ಗಾಡಿ ಹೊಡೆದುಕೊಂಡು ಬರುವಾಗ ಹೊಸ ಗೋದಾಮಿನ ಲಾರಿಯೊಂದು ತಿರುವಿನಲ್ಲಿ ಎದುರಿಗೇ ಬಂತಂತೆ. ಕುದುರೆ ಬೆದರಿ ಚರಂಡಿಗೆ ನುಗ್ಗಿದ್ದಕ್ಕೆ ಬದುಕಿದ. ಲಾರಿ ಗಾಡಿಯ ಹಿಂದಿನ ಲಾಟೀನು ಕಿತ್ತುಕೊಂಡು ಹೋಯಿತು, ನಿಲ್ಲಿಸಲೂ ಇಲ್ಲ. ಹುಡುಗ ಮನೆಗೆ ಬಂದು ಏನೂ ಆಗಿಲ್ಲವೆಂಬಂತೆ "ಲಾಟೀನು ಹೊಸದು ತರಬೇಕಮ್ಮ" ಅಂದ, ಆಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ನಾನು ಕಿಟಕಿಯಿಂದ ನೋಡಿದೆ, ನೋಡಿದ್ದು ಅವನಿಗೆ ಗೊತ್ತಿಲ್ಲ. ಈ ರಸ್ತೆಯ ಮೇಲೆ ಇನ್ನೆಷ್ಟು ವರ್ಷ ಕುದುರೆ ಓಡಿಸುವುದು? ಇಲ್ಲಿಯ ಹೊಲದ ಬೆಲೆಯನ್ನು ನಾನು ಮತ್ತೆ ಬರೆಯಬೇಕಾಗಿಲ್ಲ, ಮೂವರು ಹುಡುಗರಿಗಿರಲಿ, ಒಬ್ಬನಿಗೂ ನಾವು ಕೊಡಿಸಲಾರೆವು. ಅವರು ಗೋದಾಮಿನಲ್ಲೋ ಕಾರ್ಖಾನೆಯಲ್ಲೋ ಊಟದ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನೀನು ರಾತ್ರಿ ಮಗ್ಗುಲು ಬದಲಿಸುವುದು ಅದಕ್ಕೇ ಅಂತ ನನಗೆ ಗೊತ್ತು. ಮೂವರಿಗಾಗಿ ಹೋಗಬೇಕು, ಒಬ್ಬಳಿಗಾಗಿ ಇರಬೇಕು. ಇದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುವುದು ನೀನೇ ಹೇಳು.

ಅದಕ್ಕೇ ನಿನ್ನೆ ಲೀರಾಯ್‌ನ ಕೊಟ್ಟಿಗೆಯ ಫೋನಿನಿಂದ ಡಾಕ್ಟರಿಗೆ ಮಾತಾಡಿದೆ. ನಾಚಿಕೆ ಬಿಟ್ಟು ಎಲ್ಲ ಕೇಳಿದೆ. ಅವರು ಹೋಗಬೇಡಿ ಅನ್ನುತ್ತಾರೆ, ಆಗ ಆ ಮಾತು ನನ್ನದಲ್ಲ ಅವರದ್ದು ಅಂತ ನಿನಗೆ ಬರೆಯಬಹುದು ಅಂತ ನನ್ನ ಮನಸ್ಸಿನಲ್ಲಿದ್ದದ್ದು ನಿಜ. ಅವರು ಹಾಗೆ ಹೇಳಲಿಲ್ಲ. ದೂರದ ರಾಜ್ಯಗಳಲ್ಲೂ ಇಂಥ ಮಕ್ಕಳು ಬದುಕುತ್ತಿದ್ದಾರೆ, ಅಲ್ಲಿಯ ಆಸ್ಪತ್ರೆಗೆ ನಾನೇ ಎಲ್ಲ ಬರೆದು ಕಳಿಸುತ್ತೇನೆ, ರಾತ್ರಿಯಾದರೂ ಸರಿ ಅವರು ನನಗೆ ಫೋನ್ ಮಾಡಲಿ ಅಂದರು. ಆಮೇಲೆ ಅಂದರು, "ದೂರ ಇದ್ರೆ ಒಂದೇ ವ್ಯತ್ಯಾಸ ವರ್ನಾ. ನೀವು ಬೇರೆಯವರಿಗಿಂತ ಅರ್ಧ ದಿನ ಮುಂಚೆ ಕಂಡುಹಿಡೀಬೇಕು. ನಿಮ್ಮ ಮೂಗು ಚೆನ್ನಾಗಿದೆ, ನಾಲ್ಕು ವರ್ಷದಿಂದ ನೋಡ್ತಿದೀನಿ, ಒಂದ್ಸಲಾನೂ ತಪ್ಪಿಲ್ಲ." ಅದು ನಿಜ ನೆವಿನ್. ಹೋದ ಚಳಿಗಾಲದಲ್ಲಿ ನಿಮ್ಮಮ್ಮನಿಗೂ ಗೊತ್ತಾಗುವ ಮೊದಲು ನನಗೆ ಗೊತ್ತಾಗಿತ್ತು, ಆ ಕ್ಷಣವೇ ಗಾಡಿ ಕಟ್ಟಿಸಿದ್ದೆ, ಎರಡೇ ದಿನದಲ್ಲಿ ನಗುತ್ತಾ ಮನೆಗೆ ಬಂದಳು. ಫೋನ್ ಇಟ್ಟೆ. ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಒಂದಿಷ್ಟು ಕೆಳಗಿಳಿದ ಹಾಗಾಯಿತು. ಕ್ಲಿನಿಕ್ಕನ್ನು ಒಯ್ಯಲಾರೆವು, ಅತ್ತೆಯನ್ನು ಒಯ್ಯಲಾರೆವು, ಸಭೆಯ ಹೆಂಗಸರನ್ನು ಒಯ್ಯಲಾರೆವು. ಮೂಗು ನನ್ನ ಮುಖದ ಮೇಲೇ ಇದೆ, ಅದಕ್ಕೆ ವ್ಯಾನಿನಲ್ಲಿ ಬೇರೆ ಜಾಗ ಬೇಡ.

ಆದ್ದರಿಂದ ಸಹಿ ಹಾಕು. ಭಯ ಹೋಗಿಲ್ಲ, ಹೋಗುವುದೂ ಇಲ್ಲ, ಅದನ್ನೂ ಕಟ್ಟಿಕೊಂಡೇ ಬರುತ್ತೇನೆ. ಆದರೆ ಆ ದಿನ ಸುಮ್ಮನೆ ಬಾಯಿಂದ ಜಾರಿದ ಮಾತನ್ನು ಇವತ್ತು ಯೋಚಿಸಿ ಬರೆಯುತ್ತಿದ್ದೇನೆ. ಒಪ್ಪಿಗೆಯಲ್ಲಿದ್ದೇನೆ. ಬಾವಿಯ ನೀರು ಹೇಗಿದೆ ಅಂತ ನೋಡು, ಆಸ್ಪತ್ರೆಯ ದಾರಿಯಲ್ಲಿ ಮಳೆಗಾಲದಲ್ಲಿ ಮುಳುಗುವ ಸೇತುವೆ ಇದೆಯೋ ವಿಚಾರಿಸು, ಹತ್ತಿರದ ಹೊರಗಿನವರ ಮನೆಯಲ್ಲಿ ರಾತ್ರಿ ಎಬ್ಬಿಸಿದರೆ ಕಾರು ತೆಗೆಯುವಂಥವರು ಯಾರಿದ್ದಾರೆ ಅಂತ ಕೇಳಿಕೊಂಡು ಬಾ, ಸಹಿಗೆ ಮೊದಲು ಇವಿಷ್ಟು. ಚೀಟಿಯ ವಿಷಯ ನಾನು ಬರೆದದ್ದನ್ನು ಅರ್ಲ್ ಮುಂದೆ ಓದಬೇಡ.

ಹುಡುಗರು ನಿನ್ನನ್ನು ಕೇಳಿದ್ದಾರೆ. ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಕಿವಿ ಮುಚ್ಚುವ ಹಾಗೆ ಟೋಪಿ ಹಾಕಿಕೊಳ್ಳಲು ಹೇಳಿದ್ದಾರೆ. ಲೊರೀನ್ ಎದ್ದರೆ ಅವಳ ಕೈಯಿಂದಲೂ ಒಂದು ಗೆರೆ ಹಾಕಿಸುತ್ತೇನೆ. ದೇವರು ನಿನ್ನ ದಾರಿ ಕಾಯಲಿ, ಅವನ ಇಷ್ಟದಂತೆ ನಡೆಯುವ ಬಲವನ್ನು ನಮ್ಮಿಬ್ಬರಿಗೂ ಕೊಡಲಿ.

ಸದಾ ನಿನ್ನವಳು,
ವರ್ನಾ

ತಾಜಾ ಕಲಂ: ನೆವಿನ್, ಇದನ್ನು ಗಿಲ್‌ನ ವ್ಯಾನಿನಲ್ಲಿ ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದ್ದರೆ ಅದಕ್ಕೇ. ಕಾಗದ ಮಡಚುತ್ತಿದ್ದೆ. ನಿಮ್ಮಮ್ಮ ಮನೆಯ ತಮ್ಮ ಭಾಗದ ಬಾಗಿಲು ತಳ್ಳಿಕೊಂಡು ಓಡಿ ಬಂದರು. "ವರ್ನಾ, ಮಗು ಎಲ್ಲಿ? ಸುಟ್ಟ ಸಕ್ಕರೆ ವಾಸನೆ ನನ್ ಕೋಣೆವರೆಗೂ ಬರ್ತಿದೆ." ಯಾವ ವಾಸನೆ ಅಂದೆ. ಅವರು ಒಲೆಯ ಕಡೆ ನೋಡಿದರು. ಪಾಕ ತಳ ಹಿಡಿದು ಕರಿ ಹೊಗೆ ಏಳುತ್ತಿತ್ತು, ನನ್ನ ಬೆನ್ನ ಹಿಂದೆ, ಕೈಗೆಟುಕುವಷ್ಟು ಹತ್ತಿರ. ಅವರು ಪಾತ್ರೆ ಹೊರಗೆಸೆದು ಬಂದು, ವಿನೆಗರ್ ಬಾಟಲಿ ತೆಗೆದು ನನ್ನ ಮೂಗಿಗೆ ಹಿಡಿದರು. ಕಣ್ಣಲ್ಲಿ ನೀರು ಬಂತು. ವಾಸನೆ ಬರಲಿಲ್ಲ. ಏನೂ ಇಲ್ಲ ನೆವಿನ್. ಕಾಫಿಯಲ್ಲೂ ಪೈಯಲ್ಲೂ ಆ ಹಾಳು ಪುಡಿಹಾಲಿನಲ್ಲೂ ತಪ್ಪೇನೂ ಇರಲಿಲ್ಲ, ನೆಗಡಿ ಬಂದಾಗಿನಿಂದ ನನ್ನ ಮೂಗೇ ಸತ್ತಿದೆ. ದಿನಾ ಬೆಳಿಗ್ಗೆ ಸತ್ತ ಮೂಗನ್ನು ಅವಳ ಕಿವಿಗೆ ಹಿಡಿದು ದೇವರಿಗೆ ವಂದನೆ ಹೇಳುತ್ತಿದ್ದೆ.

ಅತ್ತೆ ಲೊರೀನಳನ್ನು ಎತ್ತಿಕೊಂಡು, ಹೊಗೆ ಮುಟ್ಟದ ಹಾಗೆ, ನೀರಿನ ಪಂಪಿನ ಆಚೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ನಿಂತು ಮೂಸಿದರು. ವಾಪಸು ಬಂದು "ಫೋನ್ ಮಾಡು" ಅಂದರು. ಎರಡು ದಿನದಿಂದ ಇದ್ದಿರಬೇಕಂತೆ. ಡಾಕ್ಟರು ಈಗಿಂದೀಗಲೇ ತನ್ನಿ ಅಂದರು. ಅಷ್ಟರಲ್ಲಿ ಗಿಲ್ ಬಂದ, ನಿಮ್ಮಲ್ಲಿಗೆ ಹೊರಟಿದ್ದ ಇಬ್ಬರೂ ಚೀಲ ಮಡಿಲಲ್ಲಿಟ್ಟುಕೊಂಡು ನಮಗೆ ಜಾಗ ಬಿಟ್ಟರು, ಮಿಸೌರಿ ಎಲ್ಲಿಗೂ ಹೋಗುವುದಿಲ್ಲ ಅಂದರು. ಲೊರೀನ್ ಅತ್ತೆಯ ತೊಡೆಯ ಮೇಲಿದ್ದಾಳೆ. ಕರೆದರೆ ಕಣ್ಣು ತೆರೆಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ನನ್ನನ್ನು ನೋಡಿ ಅಮ್ಮ ಎಲ್ಲಿ ಅಂತ ಕೇಳಿದಳು. ಕ್ಲಿನಿಕ್ಕಿನ ದೀಪ ಕಾಣುತ್ತಿದೆ, ನಮ್ಮನ್ನು ಇಳಿಸಿ ಗಿಲ್ ಮುಂದೆ ಹೋಗುತ್ತಾನೆ. ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೊತ್ತಿಲ್ಲ, ನೀನೇ ಹೊಡೆದುಹಾಕು. ಹುಡುಗರ ಹೊಲಕ್ಕೆ ಬೇರೆ ದಾರಿ ಹುಡುಕೋಣ, ನನಗೆ ಗೊತ್ತಿಲ್ಲ ಯಾವುದು ಅಂತ. ಸಹಿ ಹಾಕಬೇಡ, ಇದೇ ವ್ಯಾನಿನಲ್ಲಿ ವಾಪಸು ಬಾ. ಆ ದಿನ ನೀನು ಇನ್ನೊಂದು ಸಲ ಕೇಳಿದೆ ಅಂದುಕೊ. ಒಪ್ಪಿಗೆಯಿಲ್ಲ, ನೆವಿನ್. ನನಗೆ ಒಪ್ಪಿಗೆಯಿಲ್ಲ.